ಬಾಗಿಲು ತೆರೆದ ಸದ್ದು: ಒಂದು ಬಾನುಲಿ ವಿಡಂಬನೆಯ ನಗೆಯ ಬಗೆ

1949ರ ಜನವರಿ ತಿಂಗಳಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್‌ನಲ್ಲಿ ಒಂದು ಸ್ಮರಣ ಪ್ರಾರ್ಥನೆ ನಡೆಯಿತು. ನೆಲ್ಸನ್, ವೆಲಿಂಗ್ಟನ್ ಮೊದಲಾದ ವೀರಾಗ್ರಣಿಗಳ ಸಮಾಧಿಗಳಿರುವ ಆ ಮಹಾಮಂದಿರದಲ್ಲಿ ಅಂದು ಕಿಕ್ಕಿರಿದ ಜನ ನೆನೆಯಲು ಬಂದದ್ದು ದಂಡನಾಯಕನೊಬ್ಬನನ್ನಲ್ಲ, ಮುತ್ಸದ್ದಿಯೊಬ್ಬನನ್ನೂ ಅಲ್ಲ. ಬಾನುಲಿಯಲ್ಲಿ ಮಂತ್ರಿಯಾಗಿ, ಮೇಯರ್ ಆಗಿ, ಗವರ್ನರ್ ಆಗಿ ನಟಿಸಿ, ಆ ಮೂರೂ ಪದವಿಗಳನ್ನು ಒಂದೇ ಸಮನೆ ನಗೆಗೀಡುಮಾಡಿದ ಟಾಮಿ ಹ್ಯಾಂಡ್ಲಿ ಎಂಬ ಹಾಸ್ಯನಟನನ್ನು. ಅವನ ಹುಟ್ಟೂರಾದ ಲಿವರ್‌ಪೂಲಿನ ಕೆಥೀಡ್ರಲ್‌ನಲ್ಲಿಯೂ ಅಂಥದೇ ಪ್ರಾರ್ಥನೆ ನಡೆಯಿತು. ಸರಕಾರವನ್ನು ಹಾಸ್ಯಮಾಡಿದವನಿಗೆ ಸರಕಾರ ತನ್ನ ವೀರರಿಗೆ ಕೊಡುವಷ್ಟೇ ಗೌರವ ಸಂದದ್ದು ಹೇಗೆ? ಅವನ ಹಾಸ್ಯ ಅಷ್ಟು ನಿರುಪದ್ರವಿಯಾಗಿತ್ತೆ? ಅಥವಾ ಆ ಹಾಸ್ಯದಲ್ಲಿ ಜನ ತಮ್ಮದೇ ಯಾವುದೋ ಸ್ವತ್ತನ್ನು ಕಂಡುಕೊಂಡಿದ್ದರೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ಹಾಸ್ಯದ ಯಂತ್ರವನ್ನು ಬಿಚ್ಚಿ, ಅದರ ಚಕ್ರಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಬೇಕಾಗುತ್ತದೆ.

'ಇಟ್ಸ್ ದಟ್ ಮ್ಯಾನ್ ಅಗೇನ್' ಎಂಬುದು ಆ ಕಾರ್ಯಕ್ರಮದ ಪೂರ್ಣ ಹೆಸರು. 'ಮತ್ತೆ ಆ ಮನುಷ್ಯನೇ!' ಎಂದು ಕನ್ನಡದಲ್ಲಿ ಹೇಳಬಹುದು. 1939ರಲ್ಲಿ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಈ ಮಾತು ಹಿಟ್ಲರನಿಗೆ ಮೀಸಲಾಗಿತ್ತು. ಅವನು ಇನ್ನೊಂದು ಬೆದರಿಕೆ ಹಾಕಿದ, ಇನ್ನೊಂದು ಗಡಿ ದಾಟಿದ ಎಂಬ ಸುದ್ದಿ ಬಂದಾಗಲೆಲ್ಲ 'ಮತ್ತೆ ಆ ಮನುಷ್ಯನೇ' ಎಂಬ ಶಿರೋನಾಮೆ. ಇಡೀ ಯೂರೋಪನ್ನು ನಡುಗಿಸುತ್ತಿದ್ದವನಿಗೆ ಕೊಟ್ಟ ಮಾತನ್ನು ಒಬ್ಬ ವಿದೂಷಕನಿಗೆ ಅಂಟಿಸಿದ್ದೇ ಮೊದಲನೆಯ ಹಾಸ್ಯ. ಯುದ್ಧ ತೊಡಗಿದ ಮೇಲೆ ಎಲ್ಲ ಇಲಾಖೆಗಳೂ ಎಲ್ಲ ಪಡೆಗಳೂ ತಮ್ಮ ಹೆಸರುಗಳನ್ನು ಮೊದಲಕ್ಷರಗಳಿಗೆ ಇಳಿಸಿಕೊಂಡವು. ಕಾರ್ಯಕ್ರಮವೂ ಅದೇ ಜಾಡಿನಲ್ಲಿ 'ಇಟ್ಮಾ' ಎಂದಾಯಿತು. ಹೆಸರಿನಲ್ಲಿಯೇ ಎರಡು ವಿಡಂಬನೆಗಳು ಅಡಗಿದ್ದವೆಂದರೆ ಒಳಗಿನ ಸರಕು ಎಂಥದೆಂದು ಊಹಿಸಬಹುದು.

ಮೊದಲ ಪ್ರಸಾರ 1939ರ ಜುಲೈ 12ರಂದು. ಕಡೆಯದು 1949ರ ಜನವರಿ 6ರಂದು. ನಡುವೆ ಕೆಲವು ಬಿಡುವುಗಳನ್ನು ಕಳೆದರೂ 300ಕ್ಕೆ ಮೇಲ್ಪಟ್ಟ ಪ್ರಸಾರಗಳು. ಬರೆದವನು ನ್ಯೂಜಿಲೆಂಡಿನಲ್ಲಿ ಹುಟ್ಟಿದ ಟೆಡ್ ಕ್ಯಾವನಾ. ನಿರ್ಮಾಪಕ ಫ್ರಾನ್ಸಿಸ್ ವರ್ಸ್ಲಿ. ಈ ಮೂವರ ಕೂಟ ಹತ್ತು ವರ್ಷ ಕದಲಲಿಲ್ಲ. ಯುದ್ಧಕ್ಕೆ ಮುಂಚಿನ ಮೊದಲ ನಾಲ್ಕು ಕಂತುಗಳಲ್ಲಿ ಹ್ಯಾಂಡ್ಲಿ ಕಡಲ ಮೇಲೆ ಹಡಗಿನಿಂದ ಕಳ್ಳ ಬಾನುಲಿ ನಡೆಸುವವನು. ಅದು ಅಷ್ಟಾಗಿ ಹಿಡಿಸಲಿಲ್ಲ. ಸೆಪ್ಟೆಂಬರಿನಲ್ಲಿ ಯುದ್ಧ ಬಂದಿತು, ಕಡಲಿನ ಹಡಗು ತಮಾಷೆಯಾಗಿ ಉಳಿಯಲಿಲ್ಲ. ಬಿಬಿಸಿಯ ವಿನೋದ ವಿಭಾಗ ಲಂಡನ್ ಬಿಟ್ಟು ಬ್ರಿಸ್ಟಲಿಗೆ ಹೋಯಿತು. ಅಲ್ಲಿಯೂ ಬಾಂಬು ಬೀಳತೊಡಗಿದಾಗ 1941ರಲ್ಲಿ ವೇಲ್ಸಿನ ಬ್ಯಾಂಗರ್ ಎಂಬ ಚಿಕ್ಕ ಪಟ್ಟಣಕ್ಕೆ ಹೋಯಿತು. ಬ್ರಿಸ್ಟಲಿನಲ್ಲಿ ಕ್ಯಾವನಾ ತನ್ನ ನಾಯಕನನ್ನು ಹಡಗಿನಿಂದ ಇಳಿಸಿ ಒಂದು ಸರಕಾರಿ ಕಚೇರಿಯಲ್ಲಿ ಮಂತ್ರಿಯಾಗಿ ಕೂರಿಸಿದ. ಅಲ್ಲಿಂದ ಮುಂದೆ ಇಟ್ಮಾ ಇಟ್ಮಾ ಆಯಿತು.

ಆ ಮಂತ್ರಿಯ ಖಾತೆಯ ಹೆಸರನ್ನು ಕೇಳಬೇಕು. ಇಂಗ್ಲೆಂಡಿನಲ್ಲಿ ಆಗ 'ಅಗ್ರಿಕಲ್ಚರ್ ಅಂಡ್ ಫಿಷರೀಸ್' ಎಂಬ ಮಂತ್ರಾಲಯವಿತ್ತು. ಹ್ಯಾಂಡ್ಲಿಯದು 'ಅಗ್ರವೇಷನ್ ಅಂಡ್ ಮಿಸ್ಟರೀಸ್', ಎಂದರೆ ಕಿರುಕುಳ ಮತ್ತು ರಹಸ್ಯಗಳ ಖಾತೆ. ನಿಜವಾದ ಸರಕಾರದಲ್ಲಿ 'ಆಫೀಸ್ ಆಫ್ ವರ್ಕ್ಸ್' ಇದ್ದರೆ ಇವನ ದಫ್ತರು 'ಆಫೀಸ್ ಆಫ್ ಟ್ವರ್ಪ್ಸ್', ಎಂದರೆ ದಡ್ಡರ ಕಚೇರಿ. ಕನ್ನಡದಲ್ಲಿ ಇದರ ರುಚಿ ತೋರಿಸಬೇಕಾದರೆ ಕೃಷಿ ಇಲಾಖೆಯನ್ನು ಕೃಶ ಇಲಾಖೆಯೆಂದೂ ಲೋಕೋಪಯೋಗಿ ಇಲಾಖೆಯನ್ನು ಶೋಕೋಪಯೋಗಿ ಇಲಾಖೆಯೆಂದೂ ಕರೆದಂತೆ. ಒಂದು ಅಕ್ಷರ ಜಾರಿದರೆ ಸಾಕು, ಒಳಗಿನ ಸತ್ಯ ಹೊರಬಿದ್ದಂತಾಗುತ್ತದೆ. ಇಲ್ಲಿ ಗಮನಿಸತಕ್ಕದ್ದೆಂದರೆ ಯಾವ ಮಂತ್ರಿಯ ಹೆಸರನ್ನೂ ಎತ್ತಿಲ್ಲ. ಯಾರ ಮೇಲೂ ಆರೋಪವಿಲ್ಲ. ಹೆಸರಿನ ಬಾಗಿಲ ಮೇಲಿನ ಫಲಕವೊಂದನ್ನು ಕೊಂಚ ವಾರೆಮಾಡಿದ್ದಾರೆ, ಅಷ್ಟೆ. ಆದರೆ ಮರುದಿನ ನಿಜವಾದ ಫಲಕವನ್ನು ಓದುವವನ ಕಣ್ಣಿಗೆ ಅದು ನೆಟ್ಟಗೆ ಕಾಣುವುದಿಲ್ಲ.

ಭರತನು ಹಾಸ್ಯರಸಕ್ಕೆ ಹೇಳಿರುವ ವಿಭಾವಗಳನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ವಿಕೃತವಾದ ವೇಷ, ವಿಕೃತವಾದ ಅಲಂಕಾರ, ಧಾರ್ಷ್ಟ್ಯ, ಲೌಲ್ಯ, ಕುಹಕ, ಅಸತ್ಪ್ರಲಾಪ, ವ್ಯಂಗದರ್ಶನ, ದೋಷೋದಾಹರಣ ಎಂದು ಆ ಪಟ್ಟಿ ಸಾಗುತ್ತದೆ. ಇವುಗಳಲ್ಲಿ ಎಷ್ಟು ಕಣ್ಣಿಗೆ ಸಂಬಂಧಿಸಿದವು! ಬಾನುಲಿಯ ನಟನಿಗೆ ವೇಷವಿಲ್ಲ, ಅಲಂಕಾರವಿಲ್ಲ, ಅಂಗವೈಕಲ್ಯವನ್ನು ತೋರಿಸಿ ನಗಿಸುವ ಸೌಲಭ್ಯವೂ (ಅದೇನು ಒಳ್ಳೆಯ ಸೌಲಭ್ಯವೆಂದಲ್ಲ) ಇಲ್ಲ. ಉಳಿದದ್ದು ಅಸತ್ಪ್ರಲಾಪ ಒಂದೇ. ಅರ್ಥವಿಲ್ಲದ ಮಾತು, ಸಲ್ಲದ ಕಡೆ ಸಲ್ಲದ ಮಾತು. ಇಟ್ಮಾದವರು ಈ ಬಡತನವನ್ನೇ ಬಂಡವಾಳ ಮಾಡಿಕೊಂಡರು. ಸರಕಾರವೂ ಪ್ರಜೆಗಳಿಗೆ ಕಾಣುವುದು ಹೆಚ್ಚಾಗಿ ಮಾತಿನ ರೂಪದಲ್ಲಿಯೇ ತಾನೆ? ಸುತ್ತೋಲೆ, ಆಜ್ಞೆ, ನಮೂನೆ, ಷರಾ. ಮಾತಿನ ಸರಕಾರಕ್ಕೆ ಮಾತಿನಲ್ಲಿಯೇ ಮದ್ದು.

ಈಗ ಬಾಗಿಲಿನ ವಿಷಯಕ್ಕೆ ಬರೋಣ. ಇಟ್ಮಾದಲ್ಲಿ ಅತಿ ಹೆಚ್ಚು ಸಲ ಕೇಳಿಬರುವ 'ಪಾತ್ರ' ಯಾವುದೆಂದರೆ ಬಾಗಿಲು. ಹ್ಯಾಂಡ್ಲಿ ಏನನ್ನೋ ಬಡಬಡಿಸುತ್ತಿರುತ್ತಾನೆ, ಹಿಡಿಯ ಸದ್ದಾಗಿ ಬಾಗಿಲು ತೆರೆಯುತ್ತದೆ, ಒಂದು ಧ್ವನಿ ಒಳಗೆ ಬಂದು ಎರಡು ಮೂರು ಮಾತಾಡಿ, ತನ್ನ ಸಂಗಡ ತಂದ ಅಸಂಬದ್ಧವನ್ನು ಮೇಜಿನ ಮೇಲಿಟ್ಟು ಹೊರಡುತ್ತದೆ, ಬಾಗಿಲು ಮುಚ್ಚುತ್ತದೆ. ಅರ್ಧಗಂಟೆಯ ಕಾರ್ಯಕ್ರಮದಲ್ಲಿ ಹಾಡು, ವಾದ್ಯಗಳನ್ನು ಕಳೆದರೆ ಮಾತಿಗೆ ಉಳಿಯುತ್ತಿದ್ದುದು ಹದಿನೆಂಟು ನಿಮಿಷಗಳ ಸುಮಾರು. ಅಷ್ಟರಲ್ಲಿ ನೂರು ನಗೆ ಹುಟ್ಟಿಸಬೇಕೆಂಬುದು ಕ್ಯಾವನಾ, ವರ್ಸ್ಲಿಯವರ ಗುರಿ. ಲೆಕ್ಕ ಹಾಕಿದರೆ ಹನ್ನೊಂದು ಸೆಕೆಂಡಿಗೆ ಒಂದು. ಇಷ್ಟು ವೇಗದಲ್ಲಿ ಕಥೆ ಹೇಳುವುದಕ್ಕೆ ಪುರುಸತ್ತೆಲ್ಲಿ? ಆದ್ದರಿಂದ ಇಟ್ಮಾದಲ್ಲಿ ಕಥೆಯೇ ಇಲ್ಲ. ಇರುವುದು ಒಂದು ಕೊಠಡಿ, ಒಬ್ಬ ಅಧಿಕಾರಿ, ಒಂದು ಬಾಗಿಲು.

ಇದರಲ್ಲಿ ರಾಜಕೀಯವೇನು ಬಂತೆಂದು ಕೇಳುವವರು ಯಾವುದಾದರೂ ಕಚೇರಿಯಲ್ಲಿ ಒಂದು ಬೆಳಗ್ಗೆ ಕುಳಿತು ನೋಡಬೇಕು. ಯಾವ ಕೆಲಸವೂ ಮುಗಿಯುವುದಕ್ಕೆ ಮುಂಚೆ ಬಾಗಿಲು ತೆರೆಯುವುದೇ ಕಚೇರಿಯ ಲಕ್ಷಣ. ಇಟ್ಮಾದ ಮಂತ್ರಿ ಹತ್ತು ವರ್ಷಗಳಲ್ಲಿ ಒಂದು ಕಾಗದಕ್ಕೂ ಕೊನೆಯವರೆಗೆ ರುಜು ಹಾಕಿದವನಲ್ಲ. ಕಥೆ ಮುಂದುವರಿಯದಿರುವುದು ಲೇಖಕನ ಸೋಲಲ್ಲ. ಆಡಳಿತ ಮುಂದುವರಿಯದಿರುವುದರ ಚಿತ್ರ.

ಬಾಗಿಲಿನಿಂದ ಬರುವವರನ್ನು ಗುರುತಿಸುವುದು ಹೇಗೆ? ಮುಖ ಕಾಣದು. ಪ್ರತಿಯೊಂದು ಸಲವೂ 'ನಾನು ಇಂಥವನು' ಎಂದು ಹೇಳಿಕೊಳ್ಳುತ್ತ ಕುಳಿತರೆ ಹನ್ನೊಂದು ಸೆಕೆಂಡು ಅಲ್ಲಿಯೇ ಕಳೆದುಹೋಗುತ್ತದೆ. ಆದ್ದರಿಂದ ಪ್ರತಿಯೊಬ್ಬನಿಗೂ ಒಂದು ಮಾತನ್ನು ಕೊಟ್ಟರು. ವೇಷಕ್ಕೆ ಬದಲಾಗಿ ಮಾತಿನ ಉಡುಪು. ನೆಲ ಒರೆಸುವ ಮಿಸೆಸ್ ಮಾಪ್ ಬಕೆಟ್ಟಿನ ಸದ್ದಿನೊಡನೆ ನುಗ್ಗಿ, ಸಾಹೇಬರನ್ನು ಈಗ ಒರೆಸಿಬಿಡಲೇ ಎಂಬ ಅರ್ಥ ಬರುವಂತೆ ಒಂದು ಪ್ರಶ್ನೆ ಹಾಕುತ್ತಾಳೆ. ಕೊಠಡಿಯನ್ನು ಒರೆಸಲೇ ಎಂಬುದು ಅವಳ ಉದ್ದೇಶ. ವಾಕ್ಯದಲ್ಲಿ ಒಂದು ಪದ ಬಿಟ್ಟುಹೋದದ್ದರಿಂದ ಮಂತ್ರಿಯೇ ಒರೆಸಲ್ಪಡಬೇಕಾದ ವಸ್ತುವಾಗುತ್ತಾನೆ. ಈ ಪಾತ್ರಕ್ಕೆ ಧ್ವನಿ ಕೊಟ್ಟವಳು ಡಾರೊತಿ ಸಮರ್ಸ್. ಕ್ಲಾಡ್, ಸೆಸಿಲ್ ಎಂಬ ಇಬ್ಬರು ಅತಿವಿನಯದ ಕೆಲಸಗಾರರು 'ಮೊದಲು ತಾವು', 'ಇಲ್ಲ, ತಾವು ಮೊದಲು' ಎಂದು ಉಪಚಾರ ಹೇಳಿಕೊಳ್ಳುತ್ತಲೇ ಬಾಗಿಲಲ್ಲಿ ನಿಲ್ಲುತ್ತಾರೆ. ಜರ್ಮನ್ ಗೂಢಚಾರ ಫುನ್ಫ್ ದೂರವಾಣಿಯಲ್ಲಿ ತನ್ನ ಹೆಸರನ್ನು ತಾನೇ ಹೇಳಿಕೊಂಡು ಬೆದರಿಸುತ್ತಾನೆ. ಹೆಸರು ಹೇಳಿಕೊಂಡು ಬರುವ ಗೂಢಚಾರನಿಗಿಂತ ನಿರಪಾಯನಾದವನು ಯಾರು! ಆ ಭೀಕರ ಧ್ವನಿಯನ್ನು ಜ್ಯಾಕ್ ಟ್ರೇನ್ ಎಂಬ ನಟ ಹುಟ್ಟಿಸುತ್ತಿದ್ದುದು ಖಾಲಿ ಗಾಜಿನ ಲೋಟವೊಂದಕ್ಕೆ ಬಾಯಿಟ್ಟು ಮಾತಾಡಿ. ಗೂಢಚಾರರ ಭಯ ಮನೆಮನೆಯಲ್ಲಿಯೂ ಕವಿದಿದ್ದ 1939ರ ಚಳಿಗಾಲದಲ್ಲಿ ಜನ ತಮ್ಮ ಗೆಳೆಯರಿಗೆ ಫೋನುಮಾಡಿ ಫುನ್ಫನ ಧ್ವನಿಯಲ್ಲಿ ಹೆದರಿಸಿ ನಗುತ್ತಿದ್ದರು. ಭಯವನ್ನು ಒಂದು ನೀರಿನ ಲೋಟದೊಳಗೆ ಇಳಿಸಿದ ಹಾಗಾಯಿತು.

ನೀರಿನಿಂದ ಎದ್ದು ಬಂದ ಇನ್ನೊಂದು ಧ್ವನಿಯ ಮೂಲ ಸ್ವಾರಸ್ಯವಾದದ್ದು. 'ಈಗ ಕೆಳಕ್ಕಿಳಿಯುತ್ತೇನೆ ಸ್ವಾಮಿ' ಎಂಬಂಥ ನಿಡಿದಾದ, ಸೋತ ಧ್ವನಿಯ ಮುಳುಗುಗಾರನೊಬ್ಬ ಇಟ್ಮಾದಲ್ಲಿ ಬರುತ್ತಾನೆ. ಲಿವರ್‌ಪೂಲಿನ ಎದುರಿಗಿರುವ ನ್ಯೂ ಬ್ರೈಟನ್ನಿನ ಕಡಲಕಟ್ಟೆಯಲ್ಲಿ ಒಂಟಿಕಾಲಿನ ಒಬ್ಬ ಮನುಷ್ಯ ನೀರಿಗೆ ಧುಮುಕಿ ತೋರಿಸಿ, ನೋಡುವವರಿಂದ ಕಾಸು ಬೇಡುತ್ತಿದ್ದನಂತೆ. ಅವನ ಮಾತು ಹ್ಯಾಂಡ್ಲಿಯ ನೆನಪಿನಲ್ಲಿ ಉಳಿದಿತ್ತು. ಹೊರೇಸ್ ಪರ್ಸಿವಲ್ ಅದಕ್ಕೆ ಧ್ವನಿಯಾದ. ಇಂಗ್ಲೆಂಡಿನ ಜನ ಲಿಫ್ಟಿನಲ್ಲಿ ಇಳಿಯುವಾಗ ಆ ಮಾತನ್ನು ಆಡಿಕೊಳ್ಳತೊಡಗಿದರು. ಕಾಸಿಗೆ ಕೈಯೊಡ್ಡಿದ ಒಬ್ಬ ಬಡವನ ಕೂಗು ಒಂದು ದೇಶದ ನಿತ್ಯೋಕ್ತಿಯಾದದ್ದನ್ನು ನೆನೆದರೆ ನಗೆಯ ಹಿಂದೆ ಬೇರೇನೋ ತಟ್ಟುತ್ತದೆ.

ಮರುಕಳಿಸುವ ಮಾತು ಎಂಬ ಈ ತಂತ್ರ ಸುಲಭವೆಂದು ತೋರುತ್ತದೆ. ನಿಜಕ್ಕೂ ಬಲು ನಾಜೂಕಿನದು. ನಮ್ಮ ಸಂಗೀತ ಕೇಳುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಪಲ್ಲವಿ ಮರಳಿ ಬರುತ್ತದೆಂದು ಎಲ್ಲರಿಗೂ ಗೊತ್ತು, ಗೊತ್ತಿರುವುದರಿಂದಲೇ ಸುಖ. ಆದರೆ ಗಾಯಕ ಯಾವ ದಾರಿಯಿಂದ ಅದಕ್ಕೆ ಬಂದು ಸೇರುತ್ತಾನೆಂಬುದು ಗೊತ್ತಿಲ್ಲ, ಗೊತ್ತಿಲ್ಲದಿರುವುದರಿಂದಲೇ ಕುತೂಹಲ. ಕರ್ನಲ್ ಚಿನ್‌ಸ್ಟ್ರಾಪ್ ಎಂಬ ಪಾತ್ರದಲ್ಲಿ ಈ ಕೌಶಲ ಪರಾಕಾಷ್ಠೆಗೆ ಮುಟ್ಟಿತು. ಯಾರು ಏನೇ ಹೇಳಲಿ, ಕರ್ನಲನ ಕಿವಿಗೆ ಅದು ಮದ್ಯ ಕುಡಿಯುವ ಆಹ್ವಾನವಾಗಿ ಕೇಳಿಸುತ್ತದೆ. ಅವನು 'ಬೇಡವೆನ್ನಲಾರೆ' ಎಂಬ ಧಾಟಿಯಲ್ಲಿ ಘನವಾಗಿ ಒಪ್ಪಿಕೊಳ್ಳುತ್ತಾನೆ. ಕನ್ನಡದ ಕಚೇರಿಯೊಂದರಲ್ಲಿ ಅವನನ್ನು ಕೂರಿಸಿದರೆ ಹೀಗಿರಬಹುದು. ಮೇಲಧಿಕಾರಿ, 'ಈ ಆಜ್ಞೆಯದೊಂದು ಕಾಪಿ ಬೇಕಲ್ಲ' ಎನ್ನುತ್ತಾನೆ. ಗುಮಾಸ್ತೆ, 'ಆಗಬಹುದು, ಸಕ್ಕರೆ ಸ್ವಲ್ಪ ಕಡಮೆ ಇರಲಿ' ಎನ್ನುತ್ತಾನೆ. ಉತ್ತರ ಪ್ರತಿ ವಾರವೂ ಒಂದೇ. ಪ್ರಶ್ನೆಯನ್ನು ಮಾತ್ರ ಕ್ಯಾವನಾ ಪ್ರತಿ ವಾರ ಹೊಸದಾಗಿ ಹೆಣೆಯಬೇಕು. ಕೇಳುವವನಿಗೆ ಮುಂಚಿತವಾಗಿ ಸುಳಿವು ಸಿಕ್ಕಬಾರದು, ಸಿಕ್ಕಿದ ಮೇಲೆ ಅನುಮಾನ ಉಳಿಯಬಾರದು. ಜ್ಯಾಕ್ ಟ್ರೇನ್ ಈ ಧ್ವನಿಯನ್ನು ಕಟ್ಟಿಕೊಂಡದ್ದು ಭಾರತದ ಸೇನೆಯಿಂದ ನಿವೃತ್ತನಾಗಿದ್ದ ಒಬ್ಬ ಅಧಿಕಾರಿಯ ಮಾದರಿಯ ಮೇಲೆ. ಕಂಟೋನ್ಮೆಂಟುಗಳ ಕ್ಲಬ್ಬುಗಳಲ್ಲಿ ಅಂಥ ಕರ್ನಲರ ಗ್ಲಾಸು ತುಂಬಿಸುತ್ತಿದ್ದವರು ಯಾರೆಂಬುದನ್ನು ನಾವು ಬಲ್ಲೆವು. ಸಾಮ್ರಾಜ್ಯದ ಬಹುದೊಡ್ಡ ಸೇನಾಧಿಕಾರಿ ವರ್ಗವೊಂದು ಇಟ್ಮಾದಲ್ಲಿ ಉಳಿದದ್ದು ಎಲ್ಲ ಮಾತನ್ನೂ ತನ್ನ ಬಾಯಾರಿಕೆಗೆ ಅನುವಾದಿಸಿಕೊಳ್ಳುವ ಎರಡು ಕಿವಿಗಳಾಗಿ.

ಈ ಕಲೆಯ ತವರು ಮನೆ ಇಂಗ್ಲೆಂಡಿನ ಮ್ಯೂಸಿಕ್ ಹಾಲ್. ಹ್ಯಾಂಡ್ಲಿ ಬೆಳೆದದ್ದು ಅದರ ವೇದಿಕೆಗಳ ಮೇಲೆ. ನಮಗೆ ಆ ಲೋಕ ತೀರ ಅಪರಿಚಿತವೇನೂ ಅಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಲಂಡನ್ನಿನಲ್ಲಿ ಭೂವಿಜ್ಞಾನ ಓದಿದ ಟಿ. ಪಿ. ಕೈಲಾಸಂ ಅಲ್ಲಿಂದ ತಂದದ್ದು ಶಿಲೆಗಳ ಜ್ಞಾನವೊಂದನ್ನೇ ಅಲ್ಲ. ಅವರ 'ಕೋಳಿಕೆ ರಂಗ'ದ ಅಚ್ಚು ಒಂದು ಮ್ಯೂಸಿಕ್ ಹಾಲ್ ಹಾಡಿನದೆಂಬುದು ಎಲ್ಲರೂ ಬಲ್ಲ ಸಂಗತಿ. ಅಕ್ಷರಗಳನ್ನು ಬಿಡಿಸಿ ಕುಣಿಸುವ, ಮಾತಿನ ಸದ್ದಿನಿಂದಲೇ ನಗೆ ಹಿಂಡುವ ಆ ಚಾಳಿಯನ್ನು ಕೈಲಾಸಂ ಕನ್ನಡದ ಮನೆಯ ಮಾತಿಗೆ ಹಚ್ಚಿದರು. ಕ್ಯಾವನಾ ಅದನ್ನೇ ಕಚೇರಿಯ ಮಾತಿಗೆ ಹಚ್ಚಿದ.

ಕಚೇರಿಯ ಮಾತಿಗೆ ಹಚ್ಚಿದ್ದರಿಂದ ಆದದ್ದೇನೆಂಬುದಕ್ಕೆ ಆ ಕಾಲದ ಸ್ಥಿತಿಯನ್ನು ನೆನೆಯಬೇಕು. 1940ರ ಜನವರಿಯಲ್ಲಿ ಅಲ್ಲಿ ಆಹಾರದ ಪಡಿತರ ಮೊದಲಾಯಿತು. 1941ರಲ್ಲಿ ಬಟ್ಟೆಗೂ ಬಂದಿತು. ಮಾಂಸಕ್ಕೊಂದು ಚೀಟಿ, ಅಂಗಿಗೊಂದು ಚೀಟಿ, ಊರು ಬದಲಿಸಿದರೆ ಮತ್ತೊಂದು ನಮೂನೆ. ಜನರಿಗೆ ಯುದ್ಧ ಬರಿಯ ಬಾಂಬಿನ ರೂಪದಲ್ಲಿ ಬರಲಿಲ್ಲ. ಭರ್ತಿಮಾಡಬೇಕಾದ ಕಾಗದಗಳ ರೂಪದಲ್ಲಿಯೂ ಬಂದಿತು. ಬಾಂಬನ್ನು ಬೈಯಬಹುದು. ಕಾಗದವನ್ನು ಬೈಯುವುದು ದೇಶದ್ರೋಹದ ಹತ್ತಿರಕ್ಕೆ ಹೋಗುತ್ತದೆ, ಏಕೆಂದರೆ ಅದು ನಮ್ಮ ಸರಕಾರದ್ದು, ಅದರ ಉದ್ದೇಶವೂ ಒಳ್ಳೆಯದು. ಬೈಯಲಾರದ್ದನ್ನು ಏನು ಮಾಡಬೇಕು? ಗುರುವಾರ ರಾತ್ರಿ ಎಂಟೂವರೆಗೆ ಕೋಟಿಗೂ ಮಿಕ್ಕ ಜನ ಬಾನುಲಿಯ ಮುಂದೆ ಕುಳಿತು ಅದನ್ನು ನಕ್ಕರು. ಶುಕ್ರವಾರ ಬೆಳಗ್ಗೆ ಪಡಿತರದ ಸಾಲಿನಲ್ಲಿ ನಿಂತಾಗ ಒಬ್ಬ ಮಿಸೆಸ್ ಮಾಪಳ ಧಾಟಿಯಲ್ಲಿ ಒಂದು ಮಾತು ಬಿಟ್ಟರೆ ಇಡೀ ಸಾಲು ನಗುತ್ತಿತ್ತು. ಬಾನುಲಿ ಕೊಟ್ಟದ್ದು ಬರಿಯ ಹಾಸ್ಯವನ್ನಲ್ಲ. ಆಜ್ಞೆಯ ಭಾಷೆಗೆ ಎದುರಾಗಿ ಪ್ರಜೆ ಆಡಬಹುದಾದ ಒಂದು ಭಾಷೆಯನ್ನು. ಮೇಲಿನಿಂದ ಬಂದ ಮಾತಿಗೆ ಕೆಳಗಿನಿಂದ ಒಂದು ಮಾತು. ಹ್ಯಾಂಡ್ಲಿ ಸತ್ತಾಗ ಜನ ಕಳೆದುಕೊಂಡದ್ದು ಇದನ್ನು ಕೊಟ್ಟವನನ್ನು ಎಂದು ಈ ಲೇಖಕನ ಅಭಿಪ್ರಾಯ.

ಆದರೆ ಎದುರುವಾದವನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಇದು ವಿಡಂಬನೆಯೇ, ಅಥವಾ ಜೋಗುಳವೇ? ಬಿಬಿಸಿ ಯುದ್ಧಕಾಲದಲ್ಲಿ ಸರಕಾರದ ಕಣ್ಣಳವಿನಲ್ಲಿಯೇ ಇದ್ದ ಸಂಸ್ಥೆ. 1942ರ ಏಪ್ರಿಲ್‌ನಲ್ಲಿ ರಾಜಕುಮಾರಿ ಎಲಿಜಬೆತ್‌ಳ ಹದಿನಾರನೆಯ ಹುಟ್ಟುಹಬ್ಬಕ್ಕೆಂದು ಇಟ್ಮಾ ತಂಡವನ್ನು ವಿಂಡ್ಸರ್ ಅರಮನೆಗೆ ಕರೆಸಿಕೊಂಡರು. ಅರಮನೆಗೆ ಕರೆ ಬರುವ ವಿಡಂಬನೆಯ ಹಲ್ಲಿನ ಬಗೆಗೆ ಸಂದೇಹಪಡುವುದು ಸಹಜ. 1940ರ ದಶಕದ ಕೊನೆಗೆ ಬಿಬಿಸಿ ತನ್ನ ವಿನೋದ ಲೇಖಕರಿಗೆಂದು ಸಿದ್ಧಪಡಿಸಿದ ಕೈಪಿಡಿಯೊಂದಿದೆ. ಶೌಚಾಲಯ, ಮಧುಚಂದ್ರದ ದಂಪತಿಗಳು, ಹೆಂಗಸರ ಒಳಉಡುಪು, ಮೊಲಗಳ ಸಂತಾನವೃದ್ಧಿ ಇವೆಲ್ಲ ಅದರಲ್ಲಿ ನಿಷಿದ್ಧ. ಆಗಿನ ಸರಕಾರವನ್ನೂ ವಿರೋಧಪಕ್ಷವನ್ನೂ ಕುಟುಕಬಹುದು, ಆದರೆ ವಿವೇಕದಿಂದ, ಹುಳಿ ಅತಿಯಾಗದಂತೆ, ಎಲ್ಲಕ್ಕಿಂತ ಮುಖ್ಯವಾಗಿ ನಗು ಬರುವಂತೆ ಕುಟುಕಬೇಕು ಎಂಬ ಅರ್ಥದ ಸೂಚನೆಯಿದೆ. ಈ ಕಡೆಯ ಸೂಚನೆಯನ್ನು ಓದಿ ನಗುವವರು ನಗಲಿ. ಎಷ್ಟೋ ದೇಶಗಳ ಬಾನುಲಿಗಳಲ್ಲಿ ಅಷ್ಟು ಅವಕಾಶವೂ ಇರಲಿಲ್ಲವೆಂಬುದನ್ನು ಮರೆಯದೆ ನಗಲಿ. ಅದೇ ಬಿಬಿಸಿಯಲ್ಲಿ 1944ರಿಂದ 1956ರವರೆಗೆ, ಪಾರ್ಲಿಮೆಂಟಿನಲ್ಲಿ ಎರಡು ವಾರದೊಳಗೆ ಚರ್ಚೆಗೆ ಬರಲಿರುವ ಯಾವ ವಿಷಯವನ್ನೂ ಬಾನುಲಿಯಲ್ಲಿ ಚರ್ಚಿಸಕೂಡದೆಂಬ ಕಟ್ಟಳೆ ನಡೆಯಿತು. ಗಂಭೀರವಾದ ಭಾಷಣಕಾರನ ಬಾಯಿಗೆ ಬೀಗವಿದ್ದಾಗ ದಡ್ಡರ ಕಚೇರಿಯ ಬಾಗಿಲು ತೆರೆದಿತ್ತು.

ಇಟ್ಮಾ ಅಧಿಕಾರದ ಶಿಖರವನ್ನು ಮುಟ್ಟಲಿಲ್ಲವೆಂಬುದು ನಿಜ. ಯುದ್ಧ ಸರಿಯೇ, ಹೊರೆ ಸರಿಯಾಗಿ ಹಂಚಿದೆಯೇ ಎಂಬ ಪ್ರಶ್ನೆಗಳನ್ನು ಅದು ಕೇಳಲಿಲ್ಲ. ಅದರ ಬೇಟೆ ಮಧ್ಯದ ಮೆಟ್ಟಿಲುಗಳಲ್ಲಿ. 'ಇದು ಕ್ರಮವಲ್ಲ' ಎಂದು ಗೊಣಗುವ ಫಸ್‌ಪಾಟ್ ಎಂಬ ನೌಕರ ಅದರ ನಿಜವಾದ ಗುರಿ. ಹ್ಯಾಂಡ್ಲಿಯ ಪದವಿ ಮಾತ್ರ ಬದಲಾಗುತ್ತ ಹೋಯಿತು. ಮಂತ್ರಿಯಾಗಿದ್ದವನು 1941ರಲ್ಲಿ 'ಫೋಮಿಂಗ್ ಅಟ್ ದಿ ಮೌತ್' ಎಂಬ ಕಡಲೂರಿನ ಮೇಯರನಾದ. ನದೀಮುಖದಲ್ಲಿರುವ ಊರುಗಳಿಗೆ 'ಮೌತ್' ಎಂದು ಕೊನೆಯಾಗುವ ಹೆಸರಿಡುವುದು ಆ ದೇಶದ ವಾಡಿಕೆ. ಈ ಊರಿನದು ಮಾತ್ರ ನೊರೆಗರೆಯುವ ಬಾಯಿ. ಆಮೇಲೆ ಜಹಗೀರುದಾರನಾದ. ಎಲ್ಲ ಪದವಿಗಳಲ್ಲಿಯೂ ಅವನು ಅದೇ ಪುಂಡ, ಅದೇ ಮಾತುಗಾರ. ಪದವಿ ಬದಲಾದರೂ ಮನುಷ್ಯ ಬದಲಾಗಲಿಲ್ಲ, ಮನುಷ್ಯ ಬದಲಾಗದಿದ್ದರೂ ಪದವಿಗೇನೂ ಕೊರತೆಯಾಗಲಿಲ್ಲ. ಹತ್ತು ವರ್ಷ ನಡೆದ ಧಾರಾವಾಹಿಗೆ ಮಾತ್ರ ಸಾಧ್ಯವಾಗುವ ವಿಡಂಬನೆ ಇದು. ಒಂದು ನಾಟಕದಲ್ಲಿ, ಒಂದು ಲೇಖನದಲ್ಲಿ ಆಗದು.

ಒಂದು ಕಡೆ ಮಾತ್ರ ಇಟ್ಮಾದೊಡನೆ ನಗಲು ನನಗಾಗುವುದಿಲ್ಲ. 1945ರಲ್ಲಿ ಯುದ್ಧ ಮುಗಿದು ಆಟ್ಲಿಯ ಲೇಬರ್ ಸರಕಾರ ಬಂದಾಗ ಕ್ಯಾವನಾ ಹ್ಯಾಂಡ್ಲಿಯನ್ನು 'ಟಾಮ್ಟೋಪಿಯಾ' ಎಂಬ ದ್ವೀಪಕ್ಕೆ ಗವರ್ನರನಾಗಿ ಕಳಿಸಿದ. ಹೊಸ ಸಮಾಜ ಕಟ್ಟುತ್ತೇವೆಂದು ಹೊರಟವರ ರಾಮರಾಜ್ಯದ ಕನಸನ್ನು ಹಾಸ್ಯಮಾಡುವುದು ಉದ್ದೇಶ. ಯೋಚನೆ ಒಳ್ಳೆಯದೆ. ಆದರೆ ದ್ವೀಪವೆಂದ ಮೇಲೆ ಅಲ್ಲಿ 'ಮೂಲನಿವಾಸಿಗಳು' ಇರಬೇಕು, ಅವರಿಗೊಬ್ಬ ನಾಯಕ, ಅವನ ಹೆಸರೇ ಒಂದು ಪರಿಹಾಸ್ಯ. ಅಧಿಕಾರಿಯನ್ನು ಆಳಿಸಿಕೊಳ್ಳುವವರ ಕಡೆಯಿಂದ ನೋಡಿ ನಗುತ್ತಿದ್ದ ಕಾರ್ಯಕ್ರಮ, ಕಡಲು ದಾಟಿದೊಡನೆ ಆಳಿಸಿಕೊಳ್ಳುವವರನ್ನು ಅಧಿಕಾರಿಯ ಕಡೆಯಿಂದ ನೋಡತೊಡಗಿತು. ತಂತ್ರಗಳೆಲ್ಲ ಅವೇ. ಬಾಗಿಲು, ಮರುಕಳಿಸುವ ಮಾತು, ತಪ್ಪರ್ಥ, ವೇಗ ಯಾವುದೂ ಕಡಮೆಯಾಗಲಿಲ್ಲ. ನಿಂತ ಜಾಗ ಬದಲಾಯಿತು. ಭಾರತ ಸ್ವತಂತ್ರವಾಗುವುದಕ್ಕೆ ಎರಡು ವರ್ಷ ಇನ್ನೂ ಇದ್ದ ಆ ಚಳಿಗಾಲದಲ್ಲಿ, ಇಲ್ಲಿ ಗವರ್ನರುಗಳ ಕೈಕೆಳಗೆ ಬದುಕುತ್ತಿದ್ದವರು ಅದನ್ನು ಕೇಳಿದ್ದರೆ ಎಲ್ಲಿ ನಗುತ್ತಿದ್ದರೋ ಕಾಣೆ.

ಅಲ್ಲಿಂದ ಹಿಂದಿರುಗಿದ ಮೇಲೆ ಬಂದ ಎರಡು ಪಾತ್ರಗಳು ಮತ್ತೆ ನೆಲ ಹಿಡಿದವು. ಮೋನಾ ಲಾಟ್ ಎಂಬ ಬಟ್ಟೆ ಒಗೆಯುವವಳು ತನ್ನ ಸಂಸಾರದ ಅನಾಹುತಗಳನ್ನೆಲ್ಲ ಸಾವಿನ ಮನೆಯ ಧ್ವನಿಯಲ್ಲಿ ವರದಿಮಾಡಿ, ತಾನು ಹೀಗೆ ಗೆಲುವಾಗಿರುವುದರಿಂದಲೇ ಬದುಕಿದ್ದೇನೆಂದು ಮುಗಿಸುತ್ತಾಳೆ. ಅವಳ ಹೆಸರಿನೊಳಗೇ 'ಬಹಳ ಗೋಳಾಡು' ಎಂಬ ಶ್ಲೇಷೆಯಿದೆ. ಯುದ್ಧಕಾಲದಲ್ಲಿ ಇಲ್ಲದ ಬ್ರೆಡ್ಡಿನ ಪಡಿತರ ಶಾಂತಿ ಬಂದ ಮೇಲೆ 1946ರ ಜುಲೈಯಲ್ಲಿ ಆ ದೇಶದಲ್ಲಿ ಜಾರಿಗೆ ಬಂದಿತೆಂಬುದನ್ನು ತಿಳಿದವರಿಗೆ ಮೋನಾಳ ಗೆಲುವು ಯಾರ ಭಾಷಣದ ಪ್ರತಿಧ್ವನಿಯೆಂದು ಹೇಳಬೇಕಾಗಿಲ್ಲ. ಇನ್ನೊಬ್ಬ ಫ್ರಿಸ್ಬಿ ಡೈಕ್. ಬಾಂಬಿಗೆ ಆಹುತಿಯಾದ ಲಿವರ್‌ಪೂಲಿನ ಒಂದು ದೊಡ್ಡ ಅಂಗಡಿಯ ಹೆಸರನ್ನೇ ಅವನಿಗಿಟ್ಟಿದ್ದರು. ಡೆರಿಕ್ ಗೈಲರ್ ಲಿವರ್‌ಪೂಲಿನ ಅಪ್ಪಟ ಆಡುನುಡಿಯಲ್ಲಿ ಆಡಿದ ಈ ಪಾತ್ರದ ಕೆಲಸ ಒಂದೇ. ಹ್ಯಾಂಡ್ಲಿ ಘನಗಂಭೀರವಾದ ಪದಗಳ ಸರಮಾಲೆಯನ್ನು ಉದುರಿಸಿದ ಮೇಲೆ ಕೊನೆಯ ದೊಡ್ಡ ಪದವನ್ನೆತ್ತಿ 'ಹಾಗೆಂದರೇನು?' ಎಂದು ಕೇಳುವುದು. ಇಟ್ಮಾದ ಎಲ್ಲ ತಂತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಸುತ್ತೋಲೆಯೊಂದನ್ನು ಕೈಯಲ್ಲಿ ಹಿಡಿದು 'ಹಾಗೆಂದರೇನು?' ಎಂದು ಕೇಳುವವನು ಎಲ್ಲ ದೇಶಗಳ ಕಚೇರಿಗಳಿಗೂ ಬೇಕು. ಗೈಲರ್ ಮುಂದೆ 1962ರಿಂದ 1977ರವರೆಗೆ ನಡೆದ 'ದಿ ಮೆನ್ ಫ್ರಮ್ ದಿ ಮಿನಿಸ್ಟ್ರಿ' ಎಂಬ ಬಾನುಲಿ ಹಾಸ್ಯದಲ್ಲಿ ಮೇಜಿನ ಆಚೆ ಬದಿಗೆ ಹೋಗಿ ತಾನೇ ಅಧಿಕಾರಿಯಾಗಿ ಕುಳಿತನೆಂಬುದು ವಿಧಿಯ ಒಂದು ಒಳ್ಳೆಯ ತಮಾಷೆ.

ಕೆಲವು ವರ್ಷಗಳ ಹಿಂದೆ ತರಗತಿಯೊಂದರಲ್ಲಿ ಇಟ್ಮಾದ ಸಂಭಾಷಣೆಯ ಒಂದು ಪುಟವನ್ನು ನಾನು ವಿದ್ಯಾರ್ಥಿಗಳಿಗೆ ಓದಿಹೇಳಿದ್ದುಂಟು. ಯಾರೂ ನಗಲಿಲ್ಲ. ಒಬ್ಬ ಹುಡುಗಿ ವಿನಯದಿಂದ, ಇದರಲ್ಲಿ ನಗುವಂಥದು ಯಾವ ಸಾಲಿನಲ್ಲಿದೆಯೆಂದು ಗುರುತುಹಾಕಿಕೊಡಿ, ಬರೆದುಕೊಳ್ಳುತ್ತೇವೆ ಎಂದಳು. ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಮುಂದಿನ ವಾರ, ಉಳಿದುಬಂದಿರುವ ಕೆಲವೇ ಧ್ವನಿಮುದ್ರಣಗಳಲ್ಲಿ ಒಂದನ್ನು ತಂದು ಕೇಳಿಸಿದೆ. ಮೊದಲ ಸಲ ಬಾಗಿಲು ತೆರೆದಾಗ ಮೌನ. ಎರಡನೆಯ ಸಲ ಯಾರೋ ಕತ್ತೆತ್ತಿದರು. ಕರ್ನಲನ ಧ್ವನಿ ಮರಳಿ ಬಂದಾಗ, ಅವನು ಹೇಳಿದ್ದು ಪೂರ್ತಿಯಾಗಿ ಅರ್ಥವಾಗುವ ಮುಂಚೆಯೇ ಹಿಂದಿನ ಬೆಂಚಿನಿಂದ ನಗು ಹೊರಟಿತು. ಆಮೇಲೆ ಇಡೀ ಕೊಠಡಿಗೆ ಹಬ್ಬಿತು. ಎಂಬತ್ತು ವರ್ಷದ ಹಿಂದಿನ ಪಡಿತರ ಚೀಟಿಯ ಹಾಸ್ಯ ಅವರಿಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಆ ವಾರದ ಸುದ್ದಿಯನ್ನು ನೆಚ್ಚಿಕೊಂಡ ಭಾಗವೆಲ್ಲ ಸತ್ತಿದೆ. ಸದ್ದನ್ನು ನೆಚ್ಚಿಕೊಂಡ ಭಾಗ ಉಳಿದಿದೆ. ಇಟ್ಮಾವನ್ನು ಸಾಹಿತ್ಯವೆನ್ನಬೇಕೆ ಬೇಡವೆ ಎಂಬ ಚರ್ಚೆ ನಡೆಯುವಾಗ ವಿದ್ವಾಂಸರು ಲಿಪಿಯನ್ನು ಮುಂದಿಟ್ಟುಕೊಂಡು ತೀರ್ಪು ಕೊಡುತ್ತಾರೆ. ಯಕ್ಷಗಾನದ ಹಾಸ್ಯಗಾರನನ್ನು ಪ್ರಸಂಗದ ಪುಸ್ತಕದಲ್ಲಿ ಹುಡುಕಿದರೆ ಸಿಕ್ಕುವನೆ?

ಹ್ಯಾಂಡ್ಲಿ ತೀರಿಕೊಂಡದ್ದು 1949ರ ಜನವರಿ 9ರ ಭಾನುವಾರ. ಗುರುವಾರದ ಕಂತಿನ ಮರುಪ್ರಸಾರ ಅದೇ ಸಂಜೆ ಎಂದಿನಂತೆ ನಡೆಯಿತು. ಅದು ಮುಗಿದ ಮೇಲೆ ಅವನ ಮರಣದ ವಾರ್ತೆಯನ್ನು ಬಿತ್ತರಿಸಿದರು. ಬೇರೊಬ್ಬ ನಟನನ್ನು ಆ ಮೇಜಿನ ಹಿಂದೆ ಕೂರಿಸುವ ಪ್ರಯತ್ನವನ್ನು ಬಿಬಿಸಿ ಮಾಡಲಿಲ್ಲ. ಮಂತ್ರಿ ಹೋದರೆ ಇನ್ನೊಬ್ಬ ಮಂತ್ರಿ ಬರುತ್ತಾನೆ, ಆ ಖಾತೆಗೆ ಮಾತ್ರ ಯಾರೂ ಬರಲಿಲ್ಲ. ಆದರೆ ಅವನ ಬಾಗಿಲಿನಿಂದ ಬಂದು ಹೋಗುತ್ತಿದ್ದವರಲ್ಲಿ ಒಬ್ಬ ದಾರಿ ಮರೆಯಲಿಲ್ಲ. 1957ರಲ್ಲಿ, ಇಟ್ಮಾಗಿಂತ ಹತ್ತುಪಟ್ಟು ಹುಚ್ಚಾಟದ 'ಗೂನ್ ಶೋ' ಎಂಬ ಹೊಸ ತಲೆಮಾರಿನ ಬಾನುಲಿ ಹಾಸ್ಯದಲ್ಲಿ ಜ್ಯಾಕ್ ಟ್ರೇನ್ ಅತಿಥಿಯಾಗಿ ಬಂದ. ಕರ್ನಲ್ ಚಿನ್‌ಸ್ಟ್ರಾಪ್ ಮತ್ತೆ ಬಾಯಿ ತೆರೆದ. ಅಪರಿಚಿತರ ಆ ಮನೆಯಲ್ಲಿಯೂ ಅವನ ಬಾಯಾರಿಕೆ ಹಾಗೆಯೇ ಇತ್ತು.